ಮಂಗಳೂರಿನ ಹುಡುಗ

ಮಡಂತ್ಯಾರು
11 ಜನವರಿ 2007, ಗುರುವಾರ

ಪ್ರೀತಿಯ ನಿಮಗೆ,

ಅಸ್ಸಲಾಮು ಅಲೈಕುಂ.

ಹೆಸರು ಹಿಡಿದು ಬರೆಯಲು ಕೈ ಬರುವುದಿಲ್ಲ. ಆದ್ದರಿಂದ ‘ನಿಮಗೆ’ ಎಂದಷ್ಟೇ ಬರೆದಿದ್ದೇನೆ. ನಾವಿಬ್ಬರೂ ಮಾತಾಡುವುದು ಬ್ಯಾರಿ ಭಾಷೆಯಲ್ಲಿ, ಜಗಳ ಮಾಡಿದ್ದೂ ಅದರಲ್ಲೇ. ಅದರಲ್ಲಿ ಹೇಳಹೊರಟರೆ ಎರಡನೆಯ ಮಾತಿಗೆ ನನ್ನ ಸ್ವರ ಏರುತ್ತದೆ, ಮೂರನೆಯದಕ್ಕೆ ನೀವು ಎದ್ದು ಹೊರಗೆ ಹೋಗುತ್ತೀರಿ. ಕನ್ನಡದಲ್ಲಿ ಬರೆಯುವಾಗ ಶಾಲೆಯಲ್ಲಿ ಕುಳಿತ ಹಾಗೆ ಬೆನ್ನು ನೆಟ್ಟಗಾಗುತ್ತದೆ. ಒಂದು ವಾಕ್ಯ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು. ಅದಕ್ಕೇ ಈ ಪತ್ರ.

ಕಳೆದ ವಾರ ನಿಮ್ಮ ತಂಗಿ ಶಹರ್ಬಾನು ಫೋನ್ ಮಾಡಿದ್ದಳು. ಶಾರ್ಜಾದ ಹಳೆಯ ಕಂಪೆನಿಯವರೇ ನಿಮ್ಮನ್ನು ಮತ್ತೆ ಕರೆದಿದ್ದಾರಂತೆ, ಪಾಸ್‌ಪೋರ್ಟ್ ವೀಸಾಕ್ಕಾಗಿ ಮುಂಬೈಗೆ ಹೋಗಿದೆಯಂತೆ. ಬಿ.ಸಿ. ರೋಡಿನ ನಮ್ಮ ವರ್ಕ್‌ಶಾಪು ಹೆಚ್ಚಿನ ದಿನ ಮುಚ್ಚಿಯೇ ಇರುತ್ತದಂತೆ. ಬೈಕಂಪಾಡಿಯ ಕಂಪೆನಿ ವಾಪಸು ಕಳುಹಿಸಿದ, ಹಿತ್ತಿಲಲ್ಲಿ ರಾಶಿ ಹಾಕಿದ ಬಾಗಿಲುಗಳನ್ನು ಗುಜರಿಯವನಿಗೆ ಕೊಡುವ ಮಾತನ್ನೂ ಆಡಿದ್ದೀರಂತೆ. ಇದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನೀವು ಶಾರ್ಜಾಕ್ಕೆ ಹೋಗುವುದೇ ಆದರೆ ನಾನು ತಡೆಯುವವಳಲ್ಲ. ಆದರೆ ಹೋಗುವ ಮೊದಲು ಇದನ್ನು ಪೂರ್ತಿ ಓದಿ.

ಡಿಸೆಂಬರಿನಲ್ಲಿ ನೀವು ಇಲ್ಲಿಗೆ, ನನ್ನ ತವರಿಗೆ, ಬಂದಿದ್ದಿರಿ. ಜಗಲಿಯಲ್ಲಿ ಕುಳಿತು ನನ್ನ ಉಮ್ಮ ಕೊಟ್ಟ ಚಹಾ ಕುಡಿದಿರಿ. ನಾನು ಒಳಕೋಣೆಯ ಬಾಗಿಲ ಹಿಂದೆಯೇ ನಿಂತಿದ್ದೆ. ನೀವು ಕೆಮ್ಮಿದ್ದು, ಉಮ್ಮನ ಮಂಡಿನೋವು ವಿಚಾರಿಸಿದ್ದು, ಕೊನೆಗೆ ಚಪ್ಪಲಿ ಮೆಟ್ಟಿದ್ದು ಎಲ್ಲ ಕೇಳಿಸಿತು. ನನಗೆ ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಹೊರಗೆ ಬಂದರೆ ನೀವು ‘ಹೋಗುವ’ ಎನ್ನುತ್ತೀರಿ, ನಾನು ಚೀಲ ಹಿಡಿದು ನಿಮ್ಮ ಹಿಂದೆ ಬಸ್ಸು ಹತ್ತುತ್ತೇನೆ, ಆಡಬೇಕಾದ ಮಾತು ಆಡದೆಯೇ ಉಳಿಯುತ್ತದೆ. ಅದು ನನಗೆ ಬೇಡವಾಗಿತ್ತು.

ನನ್ನ ಉಮ್ಮ ನಿಮ್ಮ ಕಡೆಗೇ ಇದ್ದಾರೆ. ವರ್ಕ್‌ಶಾಪಿನ ಕೆಲಸಕ್ಕೆ ಪ್ಲಾನು ಯಾರು ಬರೆದರೇನು, ಅನ್ನ ಬೇಯುವುದು ಒಂದೇ ಮಡಕೆಯಲ್ಲಲ್ಲವಾ ಎಂದು ಕೇಳುತ್ತಾರೆ. ಊರಿನಲ್ಲಿ ಯಾವ ಹೆಂಗಸಿನ ದುಡಿತಕ್ಕೆ ಹೆಸರು ಉಂಟು, ನಾನು ಕಟ್ಟಿದ ಬೀಡಿಗೆ ನನ್ನ ಹೆಸರು ಇತ್ತಾ ಎಂದು ಒಮ್ಮೆ ಕೇಳಿದರು. ಇಡೀ ಮಧ್ಯಾಹ್ನ ಆ ಮಾತು ತಲೆಯಲ್ಲಿ ತಿರುಗಿತು. ಉಮ್ಮನ ಬೀಡಿಯನ್ನು ಯಾರೂ ‘ಮಂಗಳೂರಿನ ಒಬ್ಬ ಹುಡುಗ ಕಟ್ಟಿದ್ದು’ ಎಂದು ಹೇಳಿರಲಿಲ್ಲ. ಅಷ್ಟು ಹೊಳೆಯುವಾಗ ಸಂಜೆಯಾಗಿತ್ತು, ಉಮ್ಮ ನಮಾಝಿಗೆ ನಿಂತಿದ್ದರು.

ನಮ್ಮ ಮದುವೆಯ ಮೊದಲ ವರ್ಷ ನಿಮಗೆ ಎಷ್ಟು ನೆನಪುಂಟೋ ನನಗೆ ತಿಳಿಯದು. ಮದುವೆಯ ಮಾತುಕತೆಯಲ್ಲಿ ಹುಡುಗಿಗೆ ಕಂಪ್ಯೂಟರ್ ಗೊತ್ತುಂಟು ಎಂದಿದ್ದರು, ನಿಮ್ಮ ಮನೆಯವರು ಅದನ್ನು ಟೈಪಿಂಗ್ ಎಂದುಕೊಂಡರು. ವಿಟ್ಲದ ಮನೆಯಲ್ಲಿ ಅತ್ತೆಯೂ ನಿಮ್ಮ ಅಣ್ಣ ಅಬ್ದುಲ್ಲ ಅವರೂ ನಾನು ವರ್ಕ್‌ಶಾಪಿನ ಬಿಲ್ಲು ಟೈಪ್ ಮಾಡುವವಳು ಎಂದೇ ಇವತ್ತಿಗೂ ತಿಳಿದಿದ್ದಾರೆ. ಮೂಡಬಿದ್ರೆಯಲ್ಲಿ ಡಿಪ್ಲೊಮಾ ಮಾಡಿದ್ದು, ಆಮೇಲೆ ಆರು ತಿಂಗಳು ಕಂಪ್ಯೂಟರ್ ನಕ್ಷೆ ಕಲಿಸುವ ಕ್ಯಾಡ್ ಸೆಂಟರಿಗೆ ಹೋಗಿ ತಗಡಿನ ಕೆಲಸದ ವಿನ್ಯಾಸವನ್ನೇ ಕಲಿತದ್ದು ನಿಮಗೊಬ್ಬರಿಗೆ ಗೊತ್ತಿತ್ತು. ಶಾರ್ಜಾದಲ್ಲಿ ಎಂಟು ವರ್ಷ ಎ.ಸಿ. ಗಾಳಿ ಸಾಗುವ ತಗಡಿನ ಡಕ್ಟ್ ಮಾಡಿ ಬಂದ ನೀವು, ಕೈಲೆಕ್ಕದಲ್ಲಿ ತಗಡಿನ ಮೇಲೆ ಗೆರೆ ಗೀರಿ, ಕತ್ತರಿಸಿ, ಬಗ್ಗಿಸುತ್ತಿದ್ದಿರಿ. ಹೋಟೆಲಿನ ಹೊಗೆಗೂಡು, ವಿದ್ಯುತ್ ಪೆಟ್ಟಿಗೆ, ಎಲ್ಲ ನಿಮ್ಮ ಕೈಯಲ್ಲಿ ಆಗುತ್ತಿತ್ತು. ಆದರೆ ಒಂದೇ ಅಳತೆಯ ಪೆಟ್ಟಿಗೆ ಹತ್ತು ಬೇಕೆಂದರೆ ಹತ್ತೂ ಕೂದಲೆಳೆಯಷ್ಟು ಬೇರೆಬೇರೆ ಬರುತ್ತಿದ್ದವು.

ಒಂದು ದಿನ ನಾನು ಪರದೆಯ ಮೇಲೆ ಒಂದು ಪೆಟ್ಟಿಗೆ ಬರೆದು ತೋರಿಸಿದೆ. ಅದನ್ನು ತಿರುಗಿಸಿದೆ, ಬಾಗಿಲು ತೆರೆದೆ, ಮತ್ತೆ ಒಂದು ಗುಂಡಿ ಒತ್ತಿದಾಗ ಪೆಟ್ಟಿಗೆಯ ಗೋಡೆಗಳೆಲ್ಲ ಹೂವಿನ ಎಸಳಿನಂತೆ ಮಲಗಿ ಸಪಾಟು ತಗಡಾಯಿತು. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಗ್ಗಿಸಬೇಕು ಎಲ್ಲ ಗೆರೆಯಲ್ಲಿತ್ತು. ನೀವು ನನ್ನ ಕುರ್ಚಿಯ ಹಿಂದೆ ನಿಂತು, ಮತ್ತೆ ಮಡಚು ಎಂದಿರಿ. ಮಡಚಿದೆ. ಬಿಚ್ಚು ಎಂದಿರಿ. ಬಿಚ್ಚಿದೆ. ಮಕ್ಕಳ ಹಾಗೆ ಎಷ್ಟು ಸಲ ಆಡಿಸಿದಿರೋ.

ಆದರೆ ಆ ಅಳತೆಯಂತೆ ಕತ್ತರಿಸಿ ಬಗ್ಗಿಸಿದ ಮೊದಲ ಪೆಟ್ಟಿಗೆಗೆ ಮುಚ್ಚಳ ಕೂರಲಿಲ್ಲ. ತಗಡು ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಪದರ ಎಲ್ಲಿ ಎಂದು ಕಂಪ್ಯೂಟರಿಗೆ ನಾವೇ ಹೇಳಿಕೊಡಬೇಕು. ನಾನು ಪುಸ್ತಕದ ಅಂಕೆ ಕೊಟ್ಟಿದ್ದೆ. ನಿಮ್ಮ ಬೆಂಡಿಂಗ್ ಮೆಷಿನ್ ಪುಸ್ತಕ ಓದಿರಲಿಲ್ಲ. ಆಮೇಲೆ ನಾವಿಬ್ಬರೂ ಸೇರಿ ತಗಡಿನ ಚಿಕ್ಕ ಪಟ್ಟಿಗಳನ್ನು ಕತ್ತರಿಸಿ, ಒಂದೊಂದನ್ನೇ ಬಗ್ಗಿಸಿ, ಅಳೆದು, ವ್ಯತ್ಯಾಸ ಬರೆದುಕೊಂಡೆವು. ನೀವು ಬಗ್ಗಿಸುವುದು, ನಾನು ಅಳೆಯುವುದು. ನಿಮ್ಮ ಕೈಗೆ ಎಣ್ಣೆ, ನನ್ನ ಕೈಗೆ ಶಾಯಿ. ಕೊನೆಗೆ ನಮ್ಮ ಮೆಷಿನ್ನಿನದೇ ಒಂದು ಅಂಕೆ ಸಿಕ್ಕಿತು. ಅಂದು ಮುಚ್ಚಳ ಕೂತಾಗ ಟಕ್ಕೆಂದು ಒಂದು ಸದ್ದು ಬಂತು. ನನಗೆ ನಮ್ಮ ಮದುವೆಯಾದದ್ದು ಅಂದು ಎಂದು ಅನಿಸುತ್ತದೆ. ಇದನ್ನು ನಿಮಗೆ ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ.

ಇನ್ನು ಆ ಹುಡುಗನ ವಿಷಯ.

ಬೈಕಂಪಾಡಿಯ ಜನರೇಟರ್ ಕಂಪೆನಿಯ ಪ್ರಭು ಸಾರ್ ಮೊದಲ ಸಲ ವರ್ಕ್‌ಶಾಪಿಗೆ ಬಂದ ದಿನ ನಾನು ಹಿಂದುಗಡೆಯ ನಮ್ಮ ಮನೆಯಿಂದ ಚಹಾ ತರುತ್ತಿದ್ದೆ. ಅವರು ಪ್ರಿಂಟ್ ಹಾಳೆಯನ್ನು ಬೆಳಕಿಗೆ ಹಿಡಿದು, ನೀಟಾಗಿ ಉಂಟಲ್ಲ, ಯಾರು ಡ್ರಾಯಿಂಗ್ ಮಾಡಿದ್ದು ಎಂದು ಕೇಳಿದರು. ನಾನು ಬಾಗಿಲ ಹತ್ತಿರ ಇದ್ದೆ. ನೀವು ನನ್ನನ್ನು ನೋಡಿದಿರಿ. ನೋಡಿಯೇ ಹೇಳಿದಿರಿ: “ಮಂಗಳೂರಿನಲ್ಲಿ ಒಬ್ಬ ಹುಡುಗ ಇದ್ದಾನೆ ಸಾರ್, ಅವನೇ ಮಾಡಿ ಕೊಡ್ತಾನೆ.”

ನಾನು ಚಹಾ ಇಟ್ಟು ಬಂದೆ. ಅವರು ಹೋದ ಮೇಲೆ ಕೇಳಿದಾಗ ನೀವು ನಕ್ಕು, ಹೆಂಗಸು ಮನೆಯಲ್ಲಿ ಕುಳಿತು ಮಾಡಿದ್ದು ಎಂದರೆ ಅಷ್ಟು ದೊಡ್ಡ ಕಂಪೆನಿಯವರು ನಂಬುತ್ತಾರಾ, ಆರ್ಡರ್ ಕೈಗೆ ಬರಲಿ, ಆಮೇಲೆ ನೋಡುವ ಎಂದಿರಿ. ಆರ್ಡರ್ ಬಂತು. ಮತ್ತೊಂದು ಬಂತು. ಆ ಹುಡುಗನಿಗೆ ಮಾತ್ರ ಮನೆ ಬಿಟ್ಟು ಹೋಗುವ ಅಂದಾಜು ಇರಲಿಲ್ಲ. ಪ್ರಭು ಸಾರ್ ಅವನ ಫೋನ್ ನಂಬರ್ ಕೇಳಿದಾಗ ಅವನಲ್ಲಿ ಫೋನ್ ಇಲ್ಲ ಎಂದಿರಿ. ಕಾಣಬೇಕು ಎಂದಾಗ ಅವನಿಗೆ ಜ್ವರ ಎಂದಿರಿ. ನಾನು ನಗುತ್ತಿದ್ದೆ. ಒಂದೆರಡು ಸಲ ನಾನೇ ನಿಮ್ಮನ್ನು ತಮಾಷೆ ಮಾಡಿ, ಇವತ್ತು ಹುಡುಗನಿಗೆ ಮೀನು ಸಾರು ಬೇಕಂತೆ ಎಂದದ್ದೂ ಉಂಟು. ಎಲ್ಲಿಯವರೆಗೆ ನಕ್ಕೆ, ಎಲ್ಲಿಂದ ನಗು ನಿಂತಿತು ಎಂದು ಈಗ ಗೊತ್ತಾಗುವುದಿಲ್ಲ.

ಜನರೇಟರ್ ಇಡುವ ತಗಡಿನ ಗೂಡಿಗೆ ಬಾಗಿಲುಗಳ ಆರ್ಡರ್ ಬಂದಾಗ, ಬಾಗಿಲು ತಿರುಗುವ ಬಿಜಾಗರಿ ಯಾವ ಬದಿಗೆ ಎಂದು ಪ್ರಭು ಸಾರ್ ಫೋನಿನಲ್ಲಿ ಹೇಳಿದರು, ನೀವು ಬಂದು ‘ಎಡಕ್ಕೆ’ ಎಂದಿರಿ. ನಾನು ಕೇಳಿದೆ, ಹೊರಗೆ ನಿಂತವರ ಎಡವಾ, ಒಳಗೆ ನಿಂತವರ ಎಡವಾ? ಒಮ್ಮೆ ಫೋನ್ ಮಾಡಿ ಕೇಳಿ ಎಂದೆ. ನೀವು ಮಾಡಲಿಲ್ಲ. ಅಷ್ಟು ಸಣ್ಣ ವಿಷಯ ಹುಡುಗನಿಗೆ ಗೊತ್ತಿಲ್ಲವಾ ಎಂದು ಅವರು ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದಿರಿ. ನಾನು ಹೊರಗಿನ ಎಡ ಹಿಡಿದು ಬರೆದೆ. ಅವರು ಹೇಳಿದ್ದು ಮೆಕ್ಯಾನಿಕ್ ಒಳಗೆ ನಿಂತು ಕೆಲಸ ಮಾಡುವಾಗಿನ ಎಡ. ಇಡೀ ಲಾಟು ಉಲ್ಟಾ. ಬಣ್ಣ ಹಚ್ಚಿದ ಬಾಗಿಲುಗಳೆಲ್ಲ ಅದೇ ಟೆಂಪೋದಲ್ಲಿ ವಾಪಸು ಬಂದವು.

ಅಂದು ನೀವು ಫೋನಿನಲ್ಲಿ ಮಾತಾಡುತ್ತಿದ್ದಾಗ ನಾನು ಕಂಪ್ಯೂಟರಿನ ಎದುರೇ ಇದ್ದೆ. ಆಚೆಯಿಂದ ಪ್ರಭು ಸಾರ್ ಬೈಯುತ್ತಿರುವುದು ನನಗೂ ಕೇಳುತ್ತಿತ್ತು. ನಿಮ್ಮ ಮುಖ ಸಣ್ಣದಾಗಿತ್ತು. ನನಗೆ ಅಯ್ಯೋ ಅನಿಸಿತು, ಖಂಡಿತ ಅನಿಸಿತು. ಆಗ ನೀವು ಹೇಳಿದಿರಿ: “ಆ ಹುಡುಗನನ್ನು ಬಿಡಿಸಿದ್ದೇನೆ ಸಾರ್. ಅವನಿಗೆ ತಲೆ ಇಲ್ಲ. ಇನ್ನು ಅವನು ಬರುದಿಲ್ಲ.”

ಫೋನ್ ಇಟ್ಟು ನನ್ನ ಕಡೆ ತಿರುಗಿ, ಚಹಾ ಉಂಟಾ ಎಂದು ಕೇಳಿದಿರಿ. ನೀವು ನನಗೆ ಏನೂ ಅಂದಿಲ್ಲ ಎಂದೇ ನೀವು ತಿಳಿದಿದ್ದಿರಿ. ಚಹಾ ಮಾಡಿ ಕೊಟ್ಟೆ. ಕೆಲಸದಿಂದ ಬಿಡಿಸಿದ ಮೇಲೆ ಮತ್ತೆ ಆ ಮೇಜಿನ ಎದುರು ಕೂರಬಾರದು. ಸಂಜೆಯ ಬಸ್ಸಿಗೆ ಮಡಂತ್ಯಾರಿಗೆ ಬಂದೆ.

ಇಲ್ಲಿ ಬಂದ ಮೇಲೆ ಏನು ಮಾಡುತ್ತಿದ್ದೇನೆ ಎಂದು ನೀವು ಉಮ್ಮನಲ್ಲಿ ಕೇಳಿದಿರಿ, ಅವರು ಹೊಲಿಗೆ ಎಂದರು. ಹೊಲಿಗೆ ಅಲ್ಲ. ಮೂಡಬಿದ್ರೆಯಲ್ಲಿ ನಾನು ಕಲಿತ ಸೆಂಟರಿನ ಮೇಷ್ಟ್ರಿಗೆ ಬೆಳಗ್ಗಿನ ಬ್ಯಾಚಿಗೆ ಜನ ಬೇಕಿತ್ತು. ವಾರದಲ್ಲಿ ಕೆಲವು ದಿನ ಹೋಗಿ ಕಲಿಸುತ್ತೇನೆ, ಮಧ್ಯಾಹ್ನ ಅಲ್ಲಿಯ ಒಂದು ಕಂಪ್ಯೂಟರ್ ನನಗೆ ಬಿಟ್ಟುಕೊಡುತ್ತಾರೆ. ಸೆಂಟರಿನ ಹಿಂದಿನ ರಸ್ತೆಯಲ್ಲಿ ಗುರುವಪ್ಪ ಎಂಬವರ ತಗಡಿನ ವರ್ಕ್‌ಶಾಪ್ ಉಂಟು. ಬೆಳ್ತಂಗಡಿಯ ಒಂದು ಹಿಟ್ಟಿನ ಗಿರಣಿಗೆ ಧಾನ್ಯ ಸುರಿಯುವ ಬಾನಿ ಮಾಡಿಕೊಡಲು ಅವರು ಒಪ್ಪಿದ್ದರು. ಮೇಲೆ ಚೌಕ, ಕೆಳಗೆ ಕೊಳವೆಗೆ ಸೇರುವಲ್ಲಿ ವೃತ್ತ. ಚೌಕವನ್ನು ವೃತ್ತಕ್ಕೆ ಇಳಿಸುವುದು ಅವರಿಗೆ ತಲೆನೋವಾಗಿತ್ತು. ಮೇಷ್ಟ್ರು ನನ್ನನ್ನು ಕಳುಹಿಸಿದರು.

ನಾನು ದೊಡ್ಡ ಧೈರ್ಯದಲ್ಲಿ ನಮ್ಮ ಮೆಷಿನ್ನಿನ ಅಂಕೆಯನ್ನೇ ಕೊಟ್ಟು ಬಿಚ್ಚಿದ ನಕ್ಷೆ ತೆಗೆದುಕೊಂಡು ಹೋದೆ. ಬಗ್ಗಿಸಿದರೆ ಅಂಚುಗಳು ಒಂದಕ್ಕೊಂದು ಮುಟ್ಟಲೇ ಇಲ್ಲ. ಗುರುವಪ್ಪ ಬೇಸರಪಡಲಿಲ್ಲ. “ನನ್ನ ಮೆಷಿನ್ನಿಗೆ ಪ್ರಾಯ ಆಯ್ತು ಮೇಡಂ, ಅದಕ್ಕೆ ಅದರದ್ದೇ ಲೆಕ್ಕ” ಎಂದರು. ಮತ್ತೆ ಮೊದಲಿನಿಂದ ಪಟ್ಟಿ ಕತ್ತರಿಸಿ, ಬಗ್ಗಿಸಿ, ಅಳೆಯಲು ಕುಳಿತೆವು. ಅಳೆಯುತ್ತ ಇದ್ದಾಗ ನನಗೆ ಅಳು ಬಂತು, ಕಣ್ಣಿಗೆ ಲೋಹದ ಧೂಳು ಎಂದೆ. ನನ್ನ ವಿದ್ಯೆ ನನ್ನದು ಎಂದುಕೊಂಡು ನಾನು ಬಸ್ಸು ಹತ್ತಿದ್ದೆ. ಅದರಲ್ಲಿ ಅರ್ಧ ನಿಮ್ಮ ಕೈಯಲ್ಲಿ ಉಳಿದುಬಿಟ್ಟಿದೆ ಎಂದು ಅಂದು ಗೊತ್ತಾಯಿತು. ಇದನ್ನು ನಿಮಗೆ ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಈ ಪತ್ರ ಬರೀ ದೂರಾಗುತ್ತದೆ.

ಬಾನಿ ಕೂರಿಸುವ ದಿನ ನಾನೂ ಬೆಳ್ತಂಗಡಿಗೆ ಹೋಗಿದ್ದೆ. ಗಿರಣಿಯವರು ಸುತ್ತ ಒಮ್ಮೆ ನೋಡಿ, ಇದರ ಪ್ಲಾನು ಯಾರದ್ದು ಎಂದು ಕೇಳಿದರು. ಗುರುವಪ್ಪ ಸ್ಪ್ಯಾನರ್ ಬಿಡದೆ ಗದ್ದ ಎತ್ತಿ ನನ್ನನ್ನು ತೋರಿಸಿ, ಇವರದ್ದು ಎಂದರು. ಗಿರಣಿಯವರು ನನ್ನ ಕಡೆ ತಿರುಗಿ, ಮೂಲೆಯಲ್ಲಿ ಧಾನ್ಯ ನಿಲ್ಲುವುದಿಲ್ಲವಲ್ಲ ಎಂದು ಕೇಳಿದರು. ನಿಲ್ಲುವುದಿಲ್ಲ ಎಂದೆ. ಸರಿ ಎಂದು ಒಳಗೆ ಹೋದರು. ಅಷ್ಟೇ. ಆಕಾಶ ಬೀಳಲಿಲ್ಲ, ಯಾರೂ ಹೊಗಳಲೂ ಇಲ್ಲ. ನಾವಿಬ್ಬರೂ ಇಷ್ಟು ದಿನ ಹೆದರಿದ ಕ್ಷಣ ಅಷ್ಟು ಸಣ್ಣದಾಗಿತ್ತು.

ಈಗ ಕೆಲಸದ ಮಾತು. ಆ ಬಾಗಿಲುಗಳನ್ನು ಗುಜರಿಗೆ ಕೊಡಬೇಡಿ. ಸೆಂಟರಿನಲ್ಲಿ ಕುಳಿತು ಅವನ್ನು ಪರದೆಯ ಮೇಲೆ ಮತ್ತೆ ಬರೆದು ನೋಡಿದೆ. ಬಾಗಿಲನ್ನು ತಲೆಕೆಳಗೆ ಮಾಡಿದರೆ ಎಡದ ಬಿಜಾಗರಿ ಬಲಕ್ಕೆ ಹೋಗುತ್ತದೆ. ಬೀಗದ ತೂತು ಸರಿ ಮಧ್ಯದಲ್ಲಿ ಇರುವುದರಿಂದ ಅದಕ್ಕೆ ತೊಂದರೆ ಇಲ್ಲ. ತೊಂದರೆ ಗಾಳಿಕಿಂಡಿಗಳದ್ದು ಮಾತ್ರ. ಅವುಗಳ ಮೇಲಿನ ತಗಡಿನ ರೆಪ್ಪೆ ಈಗ ಕೆಳಮುಖವಾಗಿದೆ, ಬಾಗಿಲು ತಿರುಗಿಸಿದರೆ ಮೇಲ್ಮುಖವಾಗಿ ಮಳೆನೀರು ಒಳಗೆ ಬರುತ್ತದೆ. ಹಾಗಾಗಿ ಗಾಳಿಕಿಂಡಿ ಇರುವಷ್ಟು ಜಾಗವನ್ನು ಕಿಟಕಿಯ ಹಾಗೆ ಕತ್ತರಿಸಿ ತೆಗೆದು, ಸರಿಯಾದ ಮುಖದ ಬೇರೆ ತಗಡನ್ನು ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಬಹುದು. ನಡುವೆ ರಬ್ಬರ್ ಪಟ್ಟಿ ಕೊಡಿ. ನಕ್ಷೆ ಈ ಪತ್ರದ ಜೊತೆಗೆ ಉಂಟು. ಅಂಕೆ ನಮ್ಮ ಮೆಷಿನ್ನಿನದು, ಗುರುವಪ್ಪನವರದ್ದಲ್ಲ.

ಶಾರ್ಜಾದ ಬಗ್ಗೆ ಒಂದೇ ಮಾತು. ಅಲ್ಲಿ ನಿಮಗೆ ಬೇಕಾದದ್ದು ಉಂಟು ಎಂದಾದರೆ ಹೋಗಿ. ಪ್ರಭು ಸಾರಿಗೆ ಮುಖ ತೋರಿಸಲು ನಾಚಿಕೆ ಎಂದು ಹೋಗುವುದಾದರೆ, ಆ ನಾಚಿಕೆ ವಿಮಾನ ಹತ್ತಿ ಜೊತೆಗೇ ಬರುತ್ತದೆ.

ನಾನು ಬರುತ್ತೇನೆಯೇ ಎಂದು ನೀವು ಕೇಳಿದರೆ, ಬರುತ್ತೇನೆ. ಬೋರ್ಡಿನಲ್ಲಿ ನನ್ನ ಹೆಸರು ಬೇಡ. ಹೊಗಳುವುದೂ ಬೇಡ, ನಿಮಗೆ ಅದು ಬರುವುದೂ ಇಲ್ಲ. ನಕ್ಷೆಯ ವಿಷಯ ಮಾತಾಡಲು ಯಾರಾದರೂ ಫೋನ್ ಮಾಡಿದರೆ ರಿಸೀವರ್ ನನ್ನ ಕೈಗೆ ಕೊಡಬೇಕು. ಎಡ ಯಾವುದು ಎಂದು ನಾನೇ ಕೇಳಿಕೊಳ್ಳುತ್ತೇನೆ. ಇಷ್ಟು ನಿಮ್ಮಿಂದ ಆಗುವುದಿಲ್ಲ ಎಂದಾದರೂ ಬರೆದು ತಿಳಿಸಿ. ಸುಮ್ಮನೆ ಇರಬೇಡಿ.

ಆರೋಗ್ಯ ನೋಡಿಕೊಳ್ಳಿ. ಕನ್ನಡಕ ಹಾಕದೆ ವೆಲ್ಡಿಂಗ್ ಮಾಡಬೇಡಿ.

ನಿಮ್ಮ,
ಮುರ್ಶಿದಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಂಗಳವಾರ ನಾನು ಒಬ್ಬಳೇ ಬೈಕಂಪಾಡಿಗೆ ಹೋಗಿ ಪ್ರಭು ಸಾರನ್ನು ಕಂಡೆ. ಮಂಗಳೂರಿನ ಹುಡುಗ ನಾನೇ ಎಂದು ಹೇಳಿದೆ. ಅವರು ಮೊದಲು ಪಕ್ಕದ ಮೇಜಿನವರನ್ನು ನೋಡಿದರು, ಆಮೇಲೆ ಗಂಡನನ್ನು ಕರೆದುಕೊಂಡು ಬರಬೇಕಿತ್ತು ಎಂದರು. ನಾನು ನಕ್ಷೆ ಬಿಡಿಸಿ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅವರು ಗಾಳಿಕಿಂಡಿಯ ವಿಷಯ ಮಾತ್ರ ಕೇಳತೊಡಗಿದರು. ಮಾದರಿಗೆ ಒಂದು ಬಾಗಿಲು ಮಾಡಿ ತೋರಿಸಿದರೆ ಲಾಟು ತೆಗೆದುಕೊಳ್ಳುವುದನ್ನು ನೋಡುತ್ತಾರಂತೆ. ನಿಮ್ಮನ್ನು ಕೇಳದೆ ಹೋದೆ. ಕೇಳಿದ್ದರೆ ಹೋಗಲು ಆಗುತ್ತಿರಲಿಲ್ಲ.


ವಿಟ್ಲ
22 ಜನವರಿ 2007

ಮುರ್ಶಿದಾ,

ವ ಅಲೈಕುಂ ಸಲಾಂ. ನಿನ್ನ ಪತ್ರ ಸಿಕ್ಕಿತು. ನನಗೆ ನಿನ್ನಷ್ಟು ಚೆಂದ ಬರೆಯಲು ಬರುವುದಿಲ್ಲ, ತಪ್ಪು ಇದ್ದರೆ ಸರಿ ಮಾಡಿ ಓದಿಕೊ.

ಪತ್ರ ವರ್ಕ್‌ಶಾಪಿಗೆ ಬಂದಾಗ ನಾನು ಅಲ್ಲಿರಲಿಲ್ಲ. ಹಿಂದಿನ ದಿನ ಒಂದು ಗೇಟಿಗೆ ವೆಲ್ಡಿಂಗ್ ಮಾಡಿದ್ದೆ, ಕನ್ನಡಕ ಹಾಕಿರಲಿಲ್ಲ. ಬೆಳಕು ತಾಗಿ ಎರಡು ಕಣ್ಣೂ ಊದಿ, ತೆರೆಯಲು ಆಗುತ್ತಿರಲಿಲ್ಲ. ಶಹರ್ಬಾನು ಬಂದು ನನ್ನನ್ನು ವಿಟ್ಲದ ಮನೆಗೆ ಕರೆದುಕೊಂಡು ಹೋಗಿದ್ದಳು. ಪಕ್ಕದ ಅಂಗಡಿಯ ಬಾವಾ ಪತ್ರವನ್ನು ಅಲ್ಲಿಗೆ ತಂದುಕೊಟ್ಟ.

ಕೊನೆಯ ಭಾಗ, ನೀನು ಬೈಕಂಪಾಡಿಗೆ ಹೋದದ್ದು, ಅದಕ್ಕೆ ನನಗೆ ಸಿಟ್ಟು ಬಂತು. ಬಾರದೆ ಇರುವುದಿಲ್ಲ. ನನ್ನ ಸುಳ್ಳನ್ನು ನಾನೇ ಹೋಗಿ ಹೇಳಬೇಕಿತ್ತು, ಅದನ್ನೂ ನೀನು ಮಾಡಿ ಮುಗಿಸಿದೆ ಎಂದು. ಅಣ್ಣನಿಗೂ ಗೊತ್ತಾಯಿತು. ಹೇಗೆ ಎಂದು ಆಮೇಲೆ ಬರೆಯುತ್ತೇನೆ. ಅಣ್ಣ, ಅವಳನ್ನು ಕರೆದುಕೊಂಡು ಬಾ, ಮನೆಯೊಳಗೆ ಇರಲಿ, ಈ ಕಂಪೆನಿ ತಿರುಗುವುದೆಲ್ಲ ಸಾಕು ಎಂದ. ಅಂದು ನಾನು ಕಣ್ಣಿನ ಮೇಲಿನ ಒದ್ದೆ ಬಟ್ಟೆ ಸರಿಮಾಡಿಕೊಂಡೆ, ಅಷ್ಟೆ.

ಕಣ್ಣು ಬಿಟ್ಟ ಮೇಲೆ ಬಿ.ಸಿ. ರೋಡಿಗೆ ಹೋದೆ. ಒಂದು ಬಾಗಿಲನ್ನು ತಲೆಕೆಳಗೆ ಮಾಡಿ, ನಿನ್ನ ನಕ್ಷೆಯಂತೆ ಕತ್ತರಿಸಿ, ಬೇರೆ ತಗಡು ಬಗ್ಗಿಸಿ ಕೂರಿಸಿದೆ. ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಒಳಗೆ ಒಂದು ಹನಿ ಇಲ್ಲ. ಆದರೆ ಕೆಳಗಿನ ಸ್ಕ್ರೂ ಅಂಚಿಗೆ ತೀರಾ ಹತ್ತಿರ ಆಗಿದೆ, ಡ್ರಿಲ್ ಹಾಕುವಾಗ ಜಾರುತ್ತದೆ. ಅದನ್ನು ಸ್ವಲ್ಪ ಒಳಗೆ ತೆಗೆದುಕೊಳ್ಳಬೇಕು. ಎಷ್ಟು ಎಂದು ನೀನು ನೋಡು.

ಬಾಗಿಲನ್ನು ನಾನೇ ಬೈಕಂಪಾಡಿಗೆ ತೆಗೆದುಕೊಂಡು ಹೋದೆ. ಪ್ರಭು ಸಾರ್ ಸ್ಕ್ರೂ ಬಿಚ್ಚಿ ನೋಡಿದರು, ಹಾಕಿ ನೋಡಿದರು. ಫೆಬ್ರವರಿ ಒಳಗೆ ಎಲ್ಲವನ್ನೂ ಮಾಡಿ ಕೊಡಲು ಆಗುತ್ತದಾ ಎಂದು ಕೇಳಿದರು. ಹೆಂಡತಿಯಲ್ಲಿ ಕೇಳಿ ಹೇಳ್ತೇನೆ ಎಂದೆ. ಅವರು ನಗಲಿಲ್ಲ. ಸರಿ, ಬೇಗ ಕೇಳಿ ಎಂದರು.

ಆ ಹುಡುಗನ ಸುಳ್ಳನ್ನು ನಾನು ಯಾಕೆ ಹೇಳಿದೆ ಎಂದು ನೀನು ನೇರವಾಗಿ ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಲ ಸಲ ಬಾಯಿಂದ ತಾನಾಗಿ ಬಂತು. ಎರಡನೆಯ ಸಲ ಮೊದಲನೆಯದನ್ನು ಉಳಿಸಲು ಹೇಳಿದೆ. ಆಮೇಲೆ ಆ ಹುಡುಗ ನನಗೇ ಕಾಣತೊಡಗಿದ. ತೆಳ್ಳಗೆ, ಕನ್ನಡಕ, ಹಳೆಯ ಸ್ಕೂಟರ್. ಅವನಿಗೆ ಬೈಯುವುದು ಸುಲಭ ಇತ್ತು. ಅಂದು ಫೋನಿನಲ್ಲಿ ಬೈದದ್ದು ಅವನಿಗೇ, ನಿನಗಲ್ಲ ಎಂದು ನನಗೆ ನಿಜವಾಗಿ ಅನಿಸಿತ್ತು. ನೀನು ಚಹಾ ಕೊಟ್ಟೆ, ನಾನು ಕುಡಿದೆ. ಸಂಜೆ ಮನೆಗೆ ಬಂದರೆ ನೀನಿಲ್ಲ. ಆಗಲೂ ಒಂದು ಗಳಿಗೆ ಯಾಕೆ ಎಂದು ಗೊತ್ತಾಗಲಿಲ್ಲ.

ಪಾಸ್‌ಪೋರ್ಟ್ ವಾಪಸು ಬಂದಿದೆ, ವೀಸಾ ಆಗಿದೆ. ಹೋಗುವುದಿಲ್ಲ ಎಂದು ಏಜೆಂಟನಿಗೆ ಹೇಳಿದೆ. ನಿನ್ನ ಪತ್ರದಿಂದ ಅಲ್ಲ ಎಂದು ಬರೆಯುವ ಮನಸ್ಸಿತ್ತು, ಆದರೆ ಸುಳ್ಳು ಸಾಕಾಗಿದೆ.

ನಿನ್ನೆ ಊಟದ ಹೊತ್ತಿಗೆ ಅಣ್ಣ ಪುನಃ ಅದೇ ಮಾತು ತೆಗೆದ. ನಾನು ಹೇಳಿದೆ: “ಅವಳು ಮನೆಗೆ ಬರುದು ಬೇರೆ, ಕೆಲಸಕ್ಕೆ ಬರುದು ಬೇರೆ. ಎರಡನ್ನೂ ಅವಳಲ್ಲೇ ಕೇಳಬೇಕು.” ಅಣ್ಣ ಊಟ ಅರ್ಧಕ್ಕೆ ಬಿಟ್ಟು ಎದ್ದ. ಇನ್ನೂ ಮಾತಾಡಿಲ್ಲ. ಅವನು ಸರಿಯಾಗಲು ದಿನ ಹಿಡಿಯುತ್ತದೆ, ಆಗದೆಯೂ ಇರಬಹುದು. ಅದು ನಿನಗೆ ಗೊತ್ತಿರಲಿ.

ಶನಿವಾರ ಮಧ್ಯಾಹ್ನ ಮಡಂತ್ಯಾರಿಗೆ ಬರುತ್ತೇನೆ. ‘ಹೋಗುವ’ ಎನ್ನುವುದಿಲ್ಲ. ನೀನು ಹೇಳುವಷ್ಟನ್ನು ಕೂತು ಕೇಳುತ್ತೇನೆ, ಬ್ಯಾರಿಯಲ್ಲೇ ಹೇಳು, ಸ್ವರ ಏರಿದರೂ ಎದ್ದು ಹೋಗುವುದಿಲ್ಲ. ಒಳಕೋಣೆಯಿಂದಲೇ ಹೇಳಿದರೂ ಆಗಬಹುದು. ಜಗಲಿಗೆ ಬಂದರೆ ನನಗೆ ಸಂತೋಷ.

ನಿನ್ನ ಉಮ್ಮನಿಗೆ ಸಲಾಂ.

ಇತಿ,
ಬದ್ರುದ್ದೀನ್

ಮತ್ತೆ: ನಿನ್ನ ಪತ್ರ ಬಂದ ದಿನ ನನಗೆ ಕಣ್ಣು ಕಾಣುತ್ತಿರಲಿಲ್ಲ ಎಂದೆನಲ್ಲ. ಅದನ್ನು ಶಹರ್ಬಾನು ಓದಿದಳು. ಚಾವಡಿಯಲ್ಲಿ, ಗಟ್ಟಿಯಾಗಿ. ನನ್ನ ಉಮ್ಮ ಇದ್ದರು, ಅಣ್ಣ, ಅತ್ತಿಗೆ, ಪತ್ರ ತಂದ ಬಾವಾ ಎಲ್ಲರೂ ಇದ್ದರು. ಹುಡುಗನ ವಿಷಯ ಬಂದಾಗ ಅವಳು ಓದುವುದನ್ನು ನಿಲ್ಲಿಸಿ, ಇನ್ನು ಮುಂದಿನದ್ದು ಒಳಗೆ ಹೋಗಿ ಓದಲಾ ಎಂದು ಮೆಲ್ಲ ಕೇಳಿದಳು. ಬೇಡ, ಇಲ್ಲೇ ಓದು ಎಂದೆ.